ಕಳೆದುಹೋದ ಹತ್ತು ಕುಲಗಳು: ಜನ ಎಲ್ಲಿ ಹೋದರು, ಹೆಸರು ಯಾರಿಗೆ ಸಿಕ್ಕಿತು?



2025ರ ನವೆಂಬರ್ ತಿಂಗಳಲ್ಲಿ ಇಸ್ರೇಲ್ ಸರ್ಕಾರ ಒಂದು ತೀರ್ಮಾನ ತೆಗೆದುಕೊಂಡಿತು. ನಮ್ಮ ದೇಶದ ಈಶಾನ್ಯದಲ್ಲಿ, ಮಣಿಪುರ ಮತ್ತು ಮಿಜೋರಾಂನಲ್ಲಿ ಇರುವ ಸುಮಾರು 5,800 ಜನರನ್ನು 2030ರ ಒಳಗೆ ಇಸ್ರೇಲಿಗೆ ಕರೆಸಿಕೊಳ್ಳುವ ತೀರ್ಮಾನ ಅದು. ಈ ಜನರಿಗೆ ಬ್ನೇ ಮೆನಾಶೆ ಅಂತ ಹೆಸರು. ಹಾಗಂದ್ರೆ ಮನಸ್ಸೆಯ ಮಕ್ಕಳು. ಬೈಬಲ್ ಓದಿದವರಿಗೆ ಮನಸ್ಸೆ ಯಾರು ಅಂತ ಗೊತ್ತಿರುತ್ತೆ. ಯಾಕೋಬನ ಮೊಮ್ಮಗ, ಯೋಸೇಫನ ಹಿರಿಯ ಮಗ. ಅವನ ಹೆಸರಿನ ಕುಲ ಸುಮಾರು 2,700 ವರ್ಷಗಳ ಹಿಂದೆ 'ಕಳೆದುಹೋಯಿತು' ಅಂತ ಹೇಳಲಾಗುವ ಹತ್ತು ಕುಲಗಳಲ್ಲಿ ಒಂದು.

ಈಗ ಯೋಚನೆ ಮಾಡಿ. ಚುರಾಚಾಂದ್‌ಪುರದ ಒಂದು ಕುಟುಂಬ. ಮನೇಲಿ ಆಡೋದು ಟಿಬೆಟೋ-ಬರ್ಮನ್ ಗುಂಪಿನ ಭಾಷೆ. ಮುತ್ತಜ್ಜ ಕ್ರೈಸ್ತನಾಗಿದ್ದ, ಅವನ ಅಪ್ಪ ಕ್ರೈಸ್ತ ಮಿಷನರಿಗಳು ಬರೋಕೂ ಮುಂಚಿನ ನಂಬಿಕೆಯವನು. ಇವತ್ತು ಆ ಕುಟುಂಬ ಶನಿವಾರ ಒಲೆ ಹಚ್ಚೋದಿಲ್ಲ, ಹೀಬ್ರೂ ಪ್ರಾರ್ಥನೆ ಹೇಳುತ್ತೆ, ತಾವು ಮನಸ್ಸೆಯ ವಂಶದವರು ಅಂತ ನಂಬುತ್ತೆ. ಆ ನಂಬಿಕೆಯನ್ನು ಯಾರೋ ಒಪ್ಪಿದರೆ ಒಂದು ದೇಶದ ಪೌರತ್ವ, ಒಪ್ಪದಿದ್ದರೆ ನಿರಾಶ್ರಿತರ ಶಿಬಿರ. ಹಾಗಾದ್ರೆ ಒಪ್ಪುವವರು ಯಾರು? ಯಾವ ಆಧಾರದ ಮೇಲೆ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಇದರ ಬಗ್ಗೆ. ಅದಕ್ಕೆ ಮೊದಲು ಕಥೆಯ ಬುಡಕ್ಕೆ ಹೋಗಬೇಕು.

ಸಮಾರ್ಯ ಬಿದ್ದ ದಿನ

ಬೈಬಲ್ಲಿನ ಪ್ರಕಾರ ಸೊಲೊಮೋನನ ನಂತರ, ಅಂದರೆ ಕ್ರಿ.ಪೂ. 930ರ ಸುಮಾರಿಗೆ, ರಾಜ್ಯ ಎರಡಾಯಿತು. ದಕ್ಷಿಣದಲ್ಲಿ ಯೆಹೂದ, ಅದರ ರಾಜಧಾನಿ ಜೆರುಸಲೇಮ್. ಉತ್ತರದಲ್ಲಿ ಇಸ್ರೇಲ್, ಅದರ ರಾಜಧಾನಿ ಕೊನೆಗೆ ಸಮಾರ್ಯ ಆಯಿತು. ಉತ್ತರಕ್ಕೆ ಹತ್ತು ಕುಲ, ದಕ್ಷಿಣಕ್ಕೆ ಯೆಹೂದ ಮತ್ತು ಬೆನ್ಯಾಮೀನ್ ಅನ್ನೋದು ರೂಢಿಯ ಲೆಕ್ಕ. ಈ ಲೆಕ್ಕ ನಕ್ಷೆಗೆ ಪೂರ್ತಿ ಹೊಂದಲ್ಲ. ಸಿಮೆಯೋನ ಕುಲದ ಊರುಗಳು ಇದ್ದದ್ದು ಯೆಹೂದದ ಒಳಗೆ, ಲೇವಿಯರಿಗೆ ಸ್ವಂತ ಸೀಮೆಯೇ ಇರಲಿಲ್ಲ. ಆದರೂ 'ಹತ್ತು' ಅನ್ನುವ ಸಂಖ್ಯೆ ನಿಂತುಬಿಟ್ಟಿತು.

ಉತ್ತರದ ರಾಜ್ಯ ಶ್ರೀಮಂತವಾಗಿತ್ತು, ಆದರೆ ಅಸ್ಸೀರಿಯ ಸಾಮ್ರಾಜ್ಯದ ದಾರಿಯಲ್ಲಿತ್ತು. ಕ್ರಿ.ಪೂ. 732ರ ಹೊತ್ತಿಗೆ ಮೂರನೇ ತಿಗ್ಲತ್-ಪಿಲೆಸರ್ ಅನ್ನುವ ಅರಸ ಗಲಿಲಾಯ ಮತ್ತು ಯೊರ್ದಾನ್ ನದಿಯ ಆಚೆಯ ಸೀಮೆಯನ್ನು ಕಿತ್ತುಕೊಂಡ, ಅಲ್ಲಿನವರನ್ನು ಸಾಗಿಸಿದ. ಕೆಲವು ವರ್ಷ ಕಳೆದ ಮೇಲೆ ಕೊನೆಯ ಅರಸ ಹೋಶೇಯ ಕಪ್ಪ ಕೊಡೋದು ನಿಲ್ಲಿಸಿದ. ಐದನೇ ಶಲ್ಮನೆಸರ್ ಬಂದು ಮುತ್ತಿಗೆ ಹಾಕಿದ. ಕ್ರಿ.ಪೂ. 722ರ ಆಸುಪಾಸಿನಲ್ಲಿ ಸಮಾರ್ಯ ಬಿತ್ತು. ಶಲ್ಮನೆಸರ್ ಸತ್ತ ಮೇಲೆ ಪಟ್ಟಕ್ಕೆ ಬಂದ ಎರಡನೇ ಸರ್ಗೋನ್ ಆ ಗೆಲುವು ತನ್ನದು ಅಂತ ಕಲ್ಲಿನಲ್ಲಿ ಕೆತ್ತಿಸಿದ.

ಇರಾಕಿನ ಖೋರ್ಸಾಬಾದ್‌ನಲ್ಲಿ ಅವನ ಅರಮನೆಯ ಶಾಸನ ಸಿಕ್ಕಿದೆ. ಅದರಲ್ಲಿ ಒಂದು ಸಂಖ್ಯೆ ಇದೆ: 27,290. ಸಮಾರ್ಯದಿಂದ ತಾನು ಸಾಗಿಸಿದ ಜನ ಇಷ್ಟು ಅಂತ ಅರಸನೇ ಹೇಳಿಕೊಂಡದ್ದು. ಅರಸರ ಶಾಸನಗಳಲ್ಲಿ ಗೆಲುವು ದೊಡ್ಡದಾಗಿಯೇ ಕಾಣುತ್ತೆ, ಚಿಕ್ಕದಾಗಿ ಕಾಣೋದು ಅಪರೂಪ. ಹಾಗೆ ನೋಡಿದರೂ ಇಪ್ಪತ್ತೇಳು ಸಾವಿರ ಅಂದ್ರೆ ಹತ್ತು ಕುಲಗಳ ಒಟ್ಟು ಜನಸಂಖ್ಯೆ ಅಲ್ಲ. ಎಷ್ಟೋ ಜನ ಊರಲ್ಲೇ ಉಳಿದಿದ್ದರು. ಹಿಂದಿನ ಗಡಿಪಾರುಗಳನ್ನು ಸೇರಿಸಿದರೂ ಚಿತ್ರ ಬದಲಾಗಲ್ಲ.

ಹೋದವರು ಎಲ್ಲಿಗೆ ಹೋದರು? ಬೈಬಲ್ಲಿನ ಅರಸುಗಳು ಎರಡನೇ ಗ್ರಂಥದಲ್ಲಿ ಊರುಗಳ ಹೆಸರೇ ಇದೆ. ಹಲಹ, ಹಾಬೋರ್ ನದಿಯ ಪಕ್ಕದ ಗೋಜಾನ್, ಮೇದ್ಯರ ಪಟ್ಟಣಗಳು. ಹಾಬೋರ್ ಅಂದ್ರೆ ಇವತ್ತಿನ ಸಿರಿಯಾದ ಈಶಾನ್ಯದಲ್ಲಿ ಯೂಫ್ರೆಟಿಸ್‌ಗೆ ಸೇರುವ ಖಾಬೂರ್ ನದಿ. ಗೋಜಾನ್ ಇದ್ದ ಜಾಗಕ್ಕೆ ಈಗ ಟೆಲ್ ಹಲಾಫ್ ಅಂತಾರೆ. ಮೇದ್ಯರ ಪಟ್ಟಣಗಳು ಪಶ್ಚಿಮ ಇರಾನಿನಲ್ಲಿ. ಅಂದರೆ ವಿಳಾಸ ಗೊತ್ತಿಲ್ಲದ ಲೋಕಕ್ಕೆ ಯಾರೂ ಹೋಗಲಿಲ್ಲ.

ಅಸ್ಸೀರಿಯದವರು ಯಾಕೆ ಹೀಗೆ ಜನರನ್ನು ಸಾಗಿಸುತ್ತಿದ್ದರು? ಶಿಕ್ಷೆ ಅನ್ನೋದು ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ ಅವರಿಗೆ ಕೆಲಸದವರು ಬೇಕಿತ್ತು. ಹೊಸ ಜಮೀನು ಉಳೋದಕ್ಕೆ ರೈತರು, ಅರಮನೆ ಕಟ್ಟೋದಕ್ಕೆ ಕುಶಲಕರ್ಮಿಗಳು, ಸೇನೆಗೆ ರಥ ನಡೆಸುವವರು. ಬೇರೆ ಸೀಮೆಯಿಂದ ಗಡಿಪಾರಾದವರ ಬಗ್ಗೆ ಒಬ್ಬ ಅಧಿಕಾರಿ ಬರೆದ ಪತ್ರದಲ್ಲಿ ಅವರಿಗೆ ಆಹಾರ, ಬಟ್ಟೆ, ನೀರಿನ ಚೀಲ, ಪಾದರಕ್ಷೆ, ಎಣ್ಣೆ ಕೊಡುವ ವಿಷಯ ಇದೆ. ಜನ ದಾರಿಯಲ್ಲಿ ಸತ್ತರೆ ಸಾಮ್ರಾಜ್ಯಕ್ಕೇ ನಷ್ಟ, ಅಲ್ವಾ?

ಸಮಾರ್ಯದವರು ಆ ವ್ಯವಸ್ಥೆಯ ಒಳಗೆ ಹೋಗಿದ್ದು ದಾಖಲೆಯಲ್ಲೇ ಕಾಣುತ್ತೆ. ನಿಮ್ರುದ್‌ನಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿ ಸರ್ಗೋನನ ಸೇನೆಯ ಕುದುರೆ ಪಡೆಯ ಪಟ್ಟಿ ಇದೆ. ಅದರಲ್ಲಿ ಸಮಾರ್ಯದ ಗುಂಪು ಅಂತಲೇ 13 ಅಧಿಕಾರಿಗಳ ಹೆಸರು. ಕೆಲವು ಹೆಸರಲ್ಲಿ ಇಸ್ರೇಲಿನ ದೇವರಾದ ಯಾಹ್ವೆಯ ಹೆಸರಿನ ಅಂಶ ಇದೆ. ಒಬ್ಬನ ಹೆಸರು ಮಾತ್ರ ಬೆಲ್-ದೂರಿ. ಬೆಲ್ ಅನ್ನೋದು ಮೆಸೊಪೊಟೇಮಿಯದ ದೇವರ ಹೆಸರು. ನನಗೆ ಈ ಪಟ್ಟಿ ತುಂಬಾ ಮುಖ್ಯ ಅನ್ಸುತ್ತೆ. ಹತ್ತು ಕುಲಗಳು ಹೇಗೆ 'ಕಳೆದುಹೋದವು' ಅಂತ ಕೇಳಿದರೆ ಹೀಗೆ. ಕೆಲಸ ಸಿಕ್ಕಿತು, ಸಂಬಳ ಸಿಕ್ಕಿತು, ಅಕ್ಕಪಕ್ಕದವರ ಭಾಷೆ ಬಂತು, ಮಕ್ಕಳಿಗೆ ಅಲ್ಲಿನ ಹೆಸರು ಬಂತು.

ಇನ್ನು ಊರಲ್ಲಿ ಉಳಿದವರು? ಕೆಲವರು ದಕ್ಷಿಣಕ್ಕೆ ಓಡಿರಬೇಕು. ಕ್ರಿ.ಪೂ. ಎಂಟನೇ ಶತಮಾನದ ಕೊನೆಯಲ್ಲಿ ಜೆರುಸಲೇಮ್ ಇದ್ದಕ್ಕಿದ್ದಂತೆ ಬೆಳೆಯಿತು. 1970ರ ದಶಕದಲ್ಲಿ ಪುರಾತತ್ವಜ್ಞ ನಹ್ಮಾನ್ ಅವಿಗಾದ್ ಅಲ್ಲಿ ಸುಮಾರು ಏಳು ಮೀಟರ್ ದಪ್ಪದ ಕೋಟೆಗೋಡೆ ಅಗೆದು ತೆಗೆದರು. ಹೊಸದಾಗಿ ಬೆಳೆದ ಬಡಾವಣೆಯನ್ನು ಒಳಗೆ ಸೇರಿಸಿಕೊಳ್ಳಲು ಕಟ್ಟಿದ ಗೋಡೆ ಅದು. ಆ ಬೆಳವಣಿಗೆಗೆ ಉತ್ತರದಿಂದ ಬಂದ ನಿರಾಶ್ರಿತರು ಒಂದು ಕಾರಣ ಅಂತ ಅನೇಕ ವಿದ್ವಾಂಸರು ಹೇಳ್ತಾರೆ. ಎಲ್ಲರೂ ಒಪ್ಪಲ್ಲ. ಆದರೆ ಉತ್ತರದವರೆಲ್ಲ ಮಾಯವಾದರು ಅಂತ ಹೊಸ ಒಡಂಬಡಿಕೆಯ ಕಾಲದವರೂ ಅಂದುಕೊಂಡಿರಲಿಲ್ಲ. ಲೂಕನ ಸುವಾರ್ತೆಯಲ್ಲಿ ಜೆರುಸಲೇಮಿನ ದೇವಾಲಯದಲ್ಲಿ ಇರುವ ಅನ್ನ ಎಂಬ ವೃದ್ಧೆ ಬರ್ತಾಳೆ, ಅವಳು ಆಶೇರ್ ಕುಲದವಳು. ಆಶೇರ್ ಕುಲ ಕಳೆದುಹೋದ ಹತ್ತರಲ್ಲಿ ಒಂದು!

ಕಾಣೆಯಾದವರ ಕಥೆ ಬೆಳೆದದ್ದು

ಇಲ್ಲಿ ಒಂದು ಪ್ರಶ್ನೆ ಬರುತ್ತೆ. ಯೆಹೂದದವರೂ ಕ್ರಿ.ಪೂ. 586ರಲ್ಲಿ ಸೋತರು, ಬಾಬಿಲೋನಿಗೆ ಗಡಿಪಾರಾದರು. ಅವರು ಯಾಕೆ ಕಳೆದುಹೋಗಲಿಲ್ಲ? ಅವರನ್ನು ಹೆಚ್ಚುಕಡಿಮೆ ಗುಂಪಾಗಿ ಇರಿಸಿದ್ದರು. ಬಾಬಿಲೋನ್ ಸೀಮೆಯಲ್ಲಿ ಅಲ್-ಯಾಹೂದು, ಅಂದರೆ ಯೆಹೂದದ ಊರು ಅನ್ನುವ ಹೆಸರಿನ ಹಳ್ಳಿಯೇ ಇತ್ತು, ಅದರ ಫಲಕಗಳು ಸಿಕ್ಕಿವೆ. ಐವತ್ತು ವರ್ಷ ಆಗೋ ಹೊತ್ತಿಗೆ ಪರ್ಷಿಯದ ಸೈರಸ್ ಬಂದ, ವಾಪಸ್ ಹೋಗಬಹುದು ಅಂದ. ಅಜ್ಜಿ ನೋಡಿದ್ದ ಊರಿಗೆ ಮೊಮ್ಮಕ್ಕಳು ಮರಳಿದರು. ಉತ್ತರದವರಿಗೆ ಈ ಅದೃಷ್ಟ ಇರಲಿಲ್ಲ. ಸೈರಸ್ ಬರೋ ಹೊತ್ತಿಗೆ ಅವರು ಹೋಗಿ 180 ವರ್ಷ ಆಗಿತ್ತು, ಸಿರಿಯಾದಿಂದ ಇರಾನಿನವರೆಗೆ ಚದುರಿದ್ದರು.

ಆದರೆ ಪ್ರವಾದಿಗಳ ಗ್ರಂಥಗಳಲ್ಲಿ ಹನ್ನೆರಡೂ ಕುಲಗಳು ಒಂದಾಗುವ ಮಾತಿದೆ. ಒಂದಾಗಬೇಕು ಅಂದ್ರೆ ಅವರು ಎಲ್ಲೋ ಇರಲೇಬೇಕು. ಕಥೆ ಹುಟ್ಟಿದ್ದು ಇಲ್ಲಿಂದ. ಕ್ರಿ.ಶ. ಒಂದನೇ ಶತಮಾನದ ಕೊನೆಯಲ್ಲಿ ಇತಿಹಾಸಕಾರ ಜೋಸೆಫಸ್, ಹತ್ತು ಕುಲದವರು ಯೂಫ್ರೆಟಿಸ್ ಆಚೆ ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಇದ್ದಾರೆ ಅಂತ ಬರೆದ. ಹೆಚ್ಚುಕಡಿಮೆ ಅದೇ ಕಾಲದ ಎಜ್ರನ ಹೆಸರಿನ ಇನ್ನೊಂದು ಗ್ರಂಥ, ಅವರು ಒಂದೂವರೆ ವರ್ಷ ನಡೆದು ಮನುಷ್ಯರೇ ಇಲ್ಲದ ದೂರದ ನಾಡಿಗೆ ಹೋದರು ಅಂದಿತು. ಅವರು ಮರಳಿ ಬರ್ತಾರಾ ಅಂತ ಯಹೂದಿ ಪಂಡಿತರಲ್ಲೇ ವಾದ ನಡೆಯಿತು. ರಬ್ಬಿ ಅಕಿವ ಬರಲ್ಲ ಅಂದರು, ರಬ್ಬಿ ಎಲಿಯೇಜರ್ ಬರ್ತಾರೆ ಅಂದರು. ಆಮೇಲೆ ಸಂಬಾಟಿಯನ್ ನದಿ ಸೇರಿಕೊಂಡಿತು. ವಾರದ ಆರು ದಿನ ಕಲ್ಲುಗಳನ್ನು ಉರುಳಿಸುತ್ತಾ ಭೋರ್ಗರೆಯುವ ನದಿ, ಸಬ್ಬತ್ ದಿನ ಮಾತ್ರ ಶಾಂತ. ಆ ದಿನ ಪ್ರಯಾಣ ಮಾಡೋದು ನಿಷಿದ್ಧ, ಹಾಗಾಗಿ ಆಚೆ ಇರುವ ಕುಲದವರು ದಾಟಿ ಬರೋ ಹಾಗಿಲ್ಲ. ಯಾಕೆ ಅವರು ಇನ್ನೂ ಬಂದಿಲ್ಲ ಅನ್ನೋದಕ್ಕೆ ಇಷ್ಟು ಚೆಂದದ ಉತ್ತರ ಇನ್ನೊಂದಿಲ್ಲ.

ಒಂಬತ್ತನೇ ಶತಮಾನದಲ್ಲಿ, ಇವತ್ತಿನ ಟುನೀಷಿಯಾದ ಕೈರವಾನ್ ಪಟ್ಟಣಕ್ಕೆ ಎಲ್ದಾದ್ ಅನ್ನುವ ಒಬ್ಬ ಪ್ರಯಾಣಿಕ ಬಂದ. ನಾನು ದಾನ್ ಕುಲದವನು, ನಮ್ಮ ಜನ ಕೂಷ್ ದೇಶದ ಕಡೆ, ಅಂದರೆ ಇಥಿಯೋಪಿಯಾದ ಕಡೆ, ಸ್ವತಂತ್ರವಾಗಿ ಬಾಳ್ತಾ ಇದ್ದಾರೆ ಅಂದ. ಅವನು ಹೇಳಿದ ಪ್ರಾಣಿವಧೆಯ ನಿಯಮಗಳು ಅಲ್ಲಿನ ಯಹೂದಿಗಳ ನಿಯಮಗಳಿಗೆ ಹೊಂದಲಿಲ್ಲ. ಅನುಮಾನ ಬಂತು. ಅವರು ಇರಾಕಿನ ಸೂರಾ ವಿದ್ಯಾಪೀಠದ ಮುಖ್ಯಸ್ಥರಿಗೆ ಪತ್ರ ಬರೆದು ಕೇಳಿದರು. ನಿಯಮದಲ್ಲಿ ವ್ಯತ್ಯಾಸ ಇರಬಹುದು, ಅದಕ್ಕೆಲ್ಲ ಗಾಬರಿಯಾಗಬೇಡಿ ಅನ್ನುವ ಧಾಟಿಯ ಉತ್ತರ ಬಂತು. ಎಲ್ದಾದ್ ನಿಜ ಹೇಳಿದನೋ, ಕಥೆ ಕಟ್ಟಿದನೋ, ಇವತ್ತಿಗೂ ಚರ್ಚೆ. ಅವನ ಹೆಸರು ನೆನಪಿಟ್ಟುಕೊಳ್ಳಿ, ಸಾವಿರದ ನೂರು ವರ್ಷದ ನಂತರ ಈ ಕಥೆ ವಿಮಾನಗಳನ್ನು ಹಾರಿಸುತ್ತೆ.

ಹುಡುಕಿದವರಿಗೆಲ್ಲ ಸಿಕ್ಕಿದರು

ಯುರೋಪಿನವರು ಲೋಕ ಸುತ್ತೋದಕ್ಕೆ ಶುರುಮಾಡಿದ ಮೇಲೆ ಹತ್ತು ಕುಲಗಳು ಎಲ್ಲೆಲ್ಲೂ ಕಾಣಿಸಿಕೊಂಡವು. 1644ರಲ್ಲಿ ಆಂಟೋನಿಯೊ ದೆ ಮೊಂಟೆಜಿನೊಸ್ ಅನ್ನುವವನು ಆಂಸ್ಟರ್‌ಡ್ಯಾಮಿಗೆ ಬಂದು, ದಕ್ಷಿಣ ಅಮೆರಿಕದ ಬೆಟ್ಟಗಳಲ್ಲಿ ರೂಬೇನ್ ಕುಲದವರನ್ನು ಕಂಡೆ ಅಂದ. ಅಲ್ಲಿನ ರಬ್ಬಿ ಮೆನಾಸ್ಸೆ ಬೆನ್ ಇಸ್ರೇಲ್ ಆ ಹೇಳಿಕೆ ಇಟ್ಟುಕೊಂಡು 1650ರಲ್ಲಿ ಪುಸ್ತಕ ಬರೆದರು. ಯಹೂದಿಗಳು ಭೂಮಿಯ ಎಲ್ಲ ಮೂಲೆಗೂ ಚದುರಿದ ಮೇಲಷ್ಟೇ ಬಿಡುಗಡೆ ಬರುತ್ತೆ, ಇಂಗ್ಲೆಂಡ್ ಒಂದು ಬಾಕಿ ಇದೆ ಅನ್ನೋದು ಅವರ ವಾದದ ಒಂದು ಎಳೆ. ಇಂಗ್ಲೆಂಡಿನಿಂದ ಯಹೂದಿಗಳನ್ನು ಓಡಿಸಿದ್ದು 1290ರಲ್ಲಿ. 1655ರಲ್ಲಿ ಮೆನಾಸ್ಸೆ ಸ್ವತಃ ಲಂಡನ್ನಿಗೆ ಹೋಗಿ ಅವರನ್ನು ಮತ್ತೆ ಒಳಗೆ ಬಿಡಿ ಅಂತ ಕ್ರಾಮ್‌ವೆಲ್‌ಗೆ ಮನವಿ ಮಾಡಿದರು. ಆಂಡಿಸ್ ಬೆಟ್ಟದ ಒಂದು ಕಥೆ ಲಂಡನ್ನಿನ ಬಾಗಿಲು ತಟ್ಟಿತು.

ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರಲ್ಲೇ ಕೆಲವರು ನಾವೇ ಆ ಹತ್ತು ಕುಲ ಅಂದರು. 1840ರಲ್ಲಿ ಜಾನ್ ವಿಲ್ಸನ್ ಇದರ ಬಗ್ಗೆ ಪುಸ್ತಕ ಬರೆದ. 'ಸ್ಯಾಕ್ಸನ್' ಅಂದ್ರೆ 'ಐಸಾಕನ ಸನ್ಸ್' ಅಂತ ಪದ ಒಡೆದು ತೋರಿಸುವವರೂ ಬಂದರು. ನಮ್ಮಲ್ಲೂ ಊರಿನ ಹೆಸರು ಒಡೆದು ಪುರಾಣಕ್ಕೆ ಸೇರಿಸುವವರು ಇದ್ದಾರಲ್ಲ, ಅದೇ ಜಾತಿಯ ಭಾಷಾಶಾಸ್ತ್ರ. ನಗಬಹುದು. ಆದರೆ ಅದರ ಒಂದು ಕವಲು ಅಮೆರಿಕದಲ್ಲಿ ಬಿಳಿಯರೇ ನಿಜವಾದ ಇಸ್ರೇಲ್, ಯಹೂದಿಗಳು ವೇಷಧಾರಿಗಳು ಅನ್ನುವ ಜನಾಂಗದ್ವೇಷದ ಪಂಥವಾಯಿತು. ಅದು ನಗುವ ವಿಷಯ ಅಲ್ಲ.

ಅಫ್ಘಾನಿಸ್ತಾನ, ಪಾಕಿಸ್ತಾನದ ಪಖ್ತೂನರಲ್ಲೂ ತಾವು ಬನೀ ಇಸ್ರಾಯೀಲ್ ಅನ್ನುವ ಪರಂಪರೆ ಇದೆ. ಜಹಾಂಗೀರನ ಕಾಲದಲ್ಲಿ ನಿಮತುಲ್ಲಾ ಬರೆದ ಪರ್ಷಿಯನ್ ಇತಿಹಾಸದಲ್ಲಿ ಅದು ವಿವರವಾಗಿದೆ. ಮೊಘಲರ ಆಸ್ಥಾನದಲ್ಲಿ ಪ್ರತಿಯೊಬ್ಬರಿಗೂ ಒಂದು ಘನವಾದ ವಂಶಾವಳಿ ಬೇಕಿದ್ದ ಕಾಲ ಅದು. ಆ ವಂಶಾವಳಿ ಹೋಗಿ ಮುಟ್ಟೋದು ಸೌಲ ರಾಜನನ್ನು. ಸೌಲ ಬೆನ್ಯಾಮೀನ್ ಕುಲದವನು, ಆ ಕುಲ ಕಳೆದುಹೋದ ಹತ್ತರಲ್ಲಿ ಇಲ್ಲವೇ ಇಲ್ಲ!

ಗಮನಿಸಿ, ಆಂಸ್ಟರ್‌ಡ್ಯಾಮಿನ ರಬ್ಬಿಗೆ, ಲಂಡನ್ನಿನ ಬರಹಗಾರನಿಗೆ, ಪಖ್ತೂನ ಶ್ರೀಮಂತನಿಗೆ, ಒಬ್ಬೊಬ್ಬರಿಗೂ ಒಂದೊಂದು ಕಾರಣಕ್ಕೆ ಹತ್ತು ಕುಲಗಳು ಬೇಕಾಗಿದ್ದವು. ವಾರಸುದಾರರಿಲ್ಲದ ಹೆಸರು ಯಾರ ಕೈಗೆ ಬೇಕಾದರೂ ಸಿಗುತ್ತೆ.

ಎಲ್ದಾದನ ಕಥೆಯಿಂದ ವಿಮಾನದವರೆಗೆ

ಈಗ ಇಥಿಯೋಪಿಯಾಕ್ಕೆ ಬರೋಣ. ಅಲ್ಲಿ ಬೇಟಾ ಇಸ್ರೇಲ್ ಅನ್ನುವ ಸಮುದಾಯ ಇತ್ತು. ಐದು ಗ್ರಂಥಗಳ ಧರ್ಮಶಾಸ್ತ್ರ ಪಾಲಿಸುವವರು, ಸಬ್ಬತ್ ಕಟ್ಟುನಿಟ್ಟು, ಆದರೆ ತಾಲ್ಮುದ್ ಗೊತ್ತಿಲ್ಲ. ಅವರ ಸ್ವಂತ ಪರಂಪರೆಯಲ್ಲಿ ಪ್ರಚಲಿತವಾದ ಕಥೆ ಬೇರೆ. ಸೊಲೊಮೋನನಿಗೂ ಶೆಬದ ರಾಣಿಗೂ ಹುಟ್ಟಿದ ಮೆನೆಲಿಕ್‌ನ ಜತೆ ಜೆರುಸಲೇಮಿನಿಂದ ಬಂದವರ ಸಂತತಿ ತಾವು ಅಂತ. ಅನೇಕ ಇತಿಹಾಸಕಾರರ ಪ್ರಕಾರ ಅವರು ಪ್ರತ್ಯೇಕ ಸಮುದಾಯವಾಗಿ ರೂಪುಗೊಂಡದ್ದು ಇಥಿಯೋಪಿಯಾದ ಒಳಗೇ, ಹದಿನಾಲ್ಕರಿಂದ ಹದಿನಾರನೇ ಶತಮಾನದ ನಡುವೆ.

ಹದಿನಾರನೇ ಶತಮಾನದಲ್ಲಿ ಕೈರೋದಲ್ಲಿದ್ದ ದೊಡ್ಡ ಧರ್ಮಪಂಡಿತ ದಾವಿದ್ ಇಬ್ನ್ ಜಿಮ್ರಾ ಅವರ ಮುಂದೆ, ಸೆರೆಯಾಗಿ ಬಂದಿದ್ದ ಒಬ್ಬ ಇಥಿಯೋಪಿಯಾದ ಮಹಿಳೆಯ ಪ್ರಶ್ನೆ ಬಂತು. ಇವಳು ಯಹೂದಿಯೇ? ಅವರು ಹೌದು ಅಂದರು, ಅಲ್ಲಿರುವವರು ದಾನ್ ಕುಲದವರು ಅಂದರು. ಎಲ್ದಾದ್ ಹೇಳಿದ್ದ ಅದೇ ದಾನ್ ಕುಲ. ನಾಲ್ಕು ಶತಮಾನ ಕಳೆದ ಮೇಲೆ, 1973ರಲ್ಲಿ, ಇಸ್ರೇಲಿನ ಸೆಫಾರ್ದಿ ಮುಖ್ಯ ರಬ್ಬಿ ಓವಾದಿಯಾ ಯೋಸೆಫ್ ಆ ಹಳೆಯ ತೀರ್ಪನ್ನು ಆಧಾರ ಮಾಡಿಕೊಂಡು ಬೇಟಾ ಇಸ್ರೇಲ್ ಯಹೂದಿಗಳೇ ಅಂತ ತೀರ್ಪು ಕೊಟ್ಟರು. 1975ರಲ್ಲಿ ಸರ್ಕಾರ ಒಪ್ಪಿತು. ಯಹೂದಿಗಳಿಗೆ ಪೌರತ್ವದ ಹಕ್ಕು ಕೊಡುವ 1950ರ ಕಾನೂನು ಅವರಿಗೂ ಅನ್ವಯವಾಯಿತು.

ಬರ, ಅಂತರ್ಯುದ್ಧದ ನಡುವೆ ಸಾವಿರಾರು ಜನ ಸುಡಾನಿಗೆ ನಡೆದರು. ದಾರಿಯಲ್ಲಿ, ಶಿಬಿರಗಳಲ್ಲಿ ಸುಮಾರು 4,000 ಜನ ಸತ್ತರು ಅನ್ನೋದು ಅಂದಾಜು. 1984ರ ನವೆಂಬರ್‌ನಿಂದ 1985ರ ಜನವರಿವರೆಗೆ ಗುಟ್ಟಾಗಿ ಸುಮಾರು 8,000 ಜನರನ್ನು ವಿಮಾನದಲ್ಲಿ ಕರೆತಂದರು. 1991ರ ಮೇ ತಿಂಗಳಲ್ಲಿ ಆಡಿಸ್ ಅಬಾಬಾದಿಂದ ಬರೀ 36 ಗಂಟೆಯಲ್ಲಿ 14,000ಕ್ಕೂ ಹೆಚ್ಚು ಜನ ಬಂದರು. ಆಸನಗಳನ್ನು ಕಿತ್ತುಹಾಕಿದ ಒಂದೇ ಬೋಯಿಂಗ್ ವಿಮಾನದಲ್ಲಿ ಸಾವಿರಕ್ಕೂ ಹೆಚ್ಚು ಪ್ರಯಾಣಿಕರು.

ಬಂದ ಮೇಲೆ ಕಥೆ ಮುಗಿಯಲಿಲ್ಲ. ಅನುಮಾನ ಪರಿಹಾರಕ್ಕೆ ಅಂತ ಅವರು ಸಾಂಕೇತಿಕ ಮತಾಂತರ ಮಾಡಿಸಿಕೊಳ್ಳಬೇಕು ಅಂತ ಮುಖ್ಯ ರಬ್ಬಿಗಳ ಕಚೇರಿ ಪಟ್ಟು ಹಿಡಿಯಿತು. 1985ರಲ್ಲಿ ಅವರು ಆ ಕಚೇರಿಯ ಎದುರೇ ವಾರಗಟ್ಟಲೆ ಧರಣಿ ಕೂತರು. ನಮ್ಮ ಹಿರಿಯರು ಯಹೂದಿಗಳು ಅಂತಾನೇ ಹಿಂಸೆ ಅನುಭವಿಸಿದರು, ಈಗ ನಾವು ಯಹೂದಿಗಳಾಗಬೇಕೇ ಅನ್ನೋದು ಅವರ ಪ್ರಶ್ನೆ. 1996ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಇಥಿಯೋಪಿಯಾ ಮೂಲದವರು ದಾನ ಮಾಡಿದ ರಕ್ತವನ್ನು ಬ್ಲಡ್ ಬ್ಯಾಂಕಿನಲ್ಲಿ ಅವರಿಗೆ ಹೇಳದೆ ಚೆಲ್ಲಲಾಗುತ್ತಿತ್ತು. ಜನ ಬೀದಿಗಿಳಿದರು. ದಾನ್ ಕುಲದ ಹೆಸರು ಅವರಿಗೆ ಬಾಗಿಲು ತೆರೆಯಿತು. ಮನೆಯೊಳಗೆ ಸಮಾನರಾಗಿ ಕೂರೋದಕ್ಕೆ ಆ ಹೆಸರು ಸಾಕಾಗಲಿಲ್ಲ.

ಕೊಂಕಣದ ಗಾಣಿಗರು, ಮೈಸೂರಿನ ಸೆರೆಮನೆ

ನಮ್ಮ ಪಕ್ಕದ ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಸಮುದಾಯಕ್ಕೂ ಇಂಥದೇ ಪರೀಕ್ಷೆ ಆಯಿತು. ಅಲಿಬಾಗ್ ಹತ್ತಿರದ ನವಗಾಂವ್ ಬಳಿ ಹಡಗು ಒಡೆದು, ಏಳು ಗಂಡಸರು ಏಳು ಹೆಂಗಸರು ಬದುಕಿ ಉಳಿದರು, ಅವರ ಸಂತತಿ ತಾವು ಅನ್ನೋದು ಅವರ ನಂಬಿಕೆ. ಹಡಗು ಹೊರಟದ್ದು ಉತ್ತರದ ಗಲಿಲಾಯದಿಂದ ಅಂತಲೂ ಹೇಳೋದುಂಟು. ಅವರು ಗಾಣದಲ್ಲಿ ಎಣ್ಣೆ ತೆಗೆಯುವ ಕೆಲಸ ಮಾಡ್ತಿದ್ದರು, ಮರಾಠಿ ಮಾತಾಡ್ತಿದ್ದರು, ಶನಿವಾರ ಗಾಣ ನಿಲ್ಲಿಸ್ತಿದ್ದರು. ಊರಿನವರು ಶನಿವಾರ್ ತೇಲಿ ಅಂತ ಕರೆದರು. ಅಂದರೆ ಶನಿವಾರದ ಗಾಣಿಗರು.

ಇವರಿಗೂ ನಮ್ಮ ಮೈಸೂರಿಗೂ ಒಂದು ಕೊಂಡಿ ಇದೆ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಸ್ಯಾಮ್ಯುಯೆಲ್ ದಿವೇಕರ್ ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದರು. ಸಮುದಾಯದ ಪರಂಪರೆಯ ಪ್ರಕಾರ, ನೀನು ಯಾವ ಜಾತಿ ಅಂತ ಕೇಳಿದಾಗ ಬೆನೆ ಇಸ್ರೇಲ್ ಅಂದರು. ಕುರಾನಿನಲ್ಲಿ ಬರುವ ಹೆಸರು ಇದು, ಇವರನ್ನು ಕೊಲ್ಲಬೇಡ ಅಂತ ಟಿಪ್ಪುವಿನ ತಾಯಿ ಹೇಳಿದರಂತೆ. ಪ್ರಾಣ ಉಳಿಯಿತು. ಆ ಹರಕೆ ತೀರಿಸಲು ದಿವೇಕರ್ 1796ರಲ್ಲಿ ಮುಂಬೈಯಲ್ಲಿ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರ ಕಟ್ಟಿಸಿದರು. ತಾಯಿಯ ಮಾತು ಪರಂಪರೆಯ ಕಥೆ ಇರಬಹುದು. ಸಿನಗಾಗ್ ಮಾತ್ರ ಇವತ್ತಿಗೂ ಇದೆ.

ಶ್ರೀರಂಗಪಟ್ಟಣದಲ್ಲಿ ಪ್ರಾಣ ಉಳಿಸಿತು ಅನ್ನುವ ಆ ಹೆಸರು ಇಸ್ರೇಲಿನಲ್ಲಿ ಸುಲಭವಾಗಿ ನಡೆಯಲಿಲ್ಲ. 1960ರ ದಶಕದ ಆರಂಭದಲ್ಲಿ, ಬೆನೆ ಇಸ್ರೇಲ್ ಜನ ಬೇರೆ ಯಹೂದಿಗಳನ್ನು ಮದುವೆಯಾಗಬೇಕಾದರೆ ಅವರ ಅಜ್ಜ ಅಜ್ಜಿಯರ, ಅದಕ್ಕೂ ಹಿಂದಿನವರ ಮೂಲ ವಿಚಾರಿಸಬೇಕು ಅಂತ ಮುಖ್ಯ ರಬ್ಬಿಗಳ ಕಚೇರಿ ಸೂಚನೆ ಹೊರಡಿಸಿತು. ಅವರು ಜೆರುಸಲೇಮಿನಲ್ಲಿ ಧರಣಿ ಕೂತರು. 1964ರ ಆಗಸ್ಟ್‌ನಲ್ಲಿ ಇಸ್ರೇಲಿನ ಸಂಸತ್ತು ಅವರು ಎಲ್ಲ ರೀತಿಯಲ್ಲೂ ಸಮಾನ ಯಹೂದಿಗಳು ಅಂತ ಹೇಳಬೇಕಾಯಿತು, ಸೂಚನೆ ಬದಲಾಯಿತು.

ಮನ್ಮಾಸಿಯಿಂದ ಮನಸ್ಸೆಗೆ

ಈಗ ಮಣಿಪುರ, ಮಿಜೋರಾಂ. ಕುಕಿ, ಮಿಜೋ, ಹ್ಮಾರ್ ಮುಂತಾದ ಸಮುದಾಯಗಳ ಹಳೆಯ ಪ್ರಾರ್ಥನೆಗಳಲ್ಲಿ ಮನ್ಮಾಸಿ ಅನ್ನುವ ಮೂಲಪುರುಷನ ಹೆಸರು ಬರುತ್ತೆ. ಚರ್ಮದ ಮೇಲೆ ಬರೆದ ನಮ್ಮ ಪುಸ್ತಕವೊಂದಿತ್ತು, ಅದನ್ನು ನಾಯಿ ತಿಂದುಬಿಟ್ಟಿತು ಅನ್ನುವ ಕಥೆಯೂ ಇದೆ. 1894ರಲ್ಲಿ ಲೊರೇನ್ ಮತ್ತು ಸ್ಯಾವಿಜ್ ಅನ್ನುವ ಮಿಷನರಿಗಳು ಮಿಜೋ ಬೆಟ್ಟಗಳಿಗೆ ಬಂದರು, ಭಾಷೆಗೆ ರೋಮನ್ ಲಿಪಿ ಕೊಟ್ಟರು. ಕೆಲವೇ ದಶಕಗಳಲ್ಲಿ ಬಹುಪಾಲು ಜನ ಕ್ರೈಸ್ತರಾದರು. ಬೈಬಲ್ ಕೈಗೆ ಬಂತು. ಹಳೆಯ ಒಡಂಬಡಿಕೆ ಓದಿದವರಿಗೆ ಅಲ್ಲಿನ ಬಲಿ, ಹಬ್ಬ, ಕುಲಗಳ ಲೆಕ್ಕ ಎಲ್ಲ ಎಲ್ಲೋ ಕೇಳಿದ ಹಾಗೆ ಅನ್ನಿಸಿತು. ಮನ್ಮಾಸಿ, ಮನಸ್ಸೆ. ಕಳೆದುಹೋದ ಪುಸ್ತಕ ಇದೇ ಇರಬಹುದಲ್ವಾ?

1951ರಲ್ಲಿ ಬುವಾಲ್ಲಾನ್ ಎಂಬ ಹಳ್ಳಿಯಲ್ಲಿ ಚಾಲಾ ಅನ್ನುವವರಿಗೆ ನಿಮ್ಮ ನಾಡು ಇಸ್ರೇಲ್, ಅಲ್ಲಿಗೆ ಮರಳಿ ಅನ್ನುವ ದರ್ಶನ ಆಯಿತಂತೆ. 1970ರ ದಶಕದಲ್ಲಿ ಕೆಲವು ಕುಟುಂಬಗಳು ಯಹೂದಿ ಆಚರಣೆಗೆ ತಿರುಗಿದವು. ಆ ಬೆಟ್ಟಗಳು ಕಂಡ ಕಾಲವನ್ನೂ ನೆನಪಿಡಬೇಕು. 1959ರಲ್ಲಿ ಬಿದಿರು ಹೂ ಬಿಟ್ಟು, ಇಲಿ ಹೆಚ್ಚಿ ಬಂದ ಕ್ಷಾಮ. 1966ರಲ್ಲಿ ದಂಗೆ, ಐಜಾಲ್ ಮೇಲೆ ನಮ್ಮದೇ ವಾಯುಪಡೆಯ ದಾಳಿ. ನಾವು ಯಾರು, ನಮ್ಮ ಜಾಗ ಎಲ್ಲಿ ಅನ್ನೋದು ಅಲ್ಲಿ ಸುಮ್ಮನೆ ಕೇಳುವ ಪ್ರಶ್ನೆ ಆಗಿರಲಿಲ್ಲ.

ಕಳೆದುಹೋದ ಕುಲಗಳನ್ನು ಹುಡುಕುತ್ತಿದ್ದ ಜೆರುಸಲೇಮಿನ ರಬ್ಬಿ ಎಲಿಯಾಹು ಅವಿಖೈಲ್ ಇವರ ಸಂಪರ್ಕಕ್ಕೆ ಬಂದರು. ಬ್ನೇ ಮೆನಾಶೆ ಅನ್ನುವ ಹೆಸರು ಕೊಟ್ಟವರು ಅವರೇ. 2005ರಲ್ಲಿ ಮುಖ್ಯ ರಬ್ಬಿ ಶ್ಲೋಮೋ ಅಮಾರ್ ಇವರು ಇಸ್ರೇಲಿನ ಸಂತತಿ ಅಂದರು, ಆದರೆ ವಿಧಿವತ್ತಾಗಿ ಮತಾಂತರ ಆಗಲೇಬೇಕು ಅಂತಲೂ ಅಂದರು. ಮತಾಂತರ ಮಾಡಿಸಲು ರಬ್ಬಿಗಳು ಇಲ್ಲಿಗೆ ಬಂದಾಗ ಭಾರತ ಸರ್ಕಾರ ಆಕ್ಷೇಪ ಎತ್ತಿತು. 2007ರಲ್ಲಿ ಇಸ್ರೇಲ್ ವಲಸೆ ನಿಲ್ಲಿಸಿತು, 2012ರಲ್ಲಿ ಮತ್ತೆ ಶುರುವಾಯಿತು. ಅಣ್ಣ ಅಲ್ಲಿ, ತಮ್ಮ ಇಲ್ಲಿ ಅನ್ನುವ ಹಾಗೆ ಕುಟುಂಬಗಳು ವರ್ಷಗಟ್ಟಲೆ ಒಡೆದು ಕೂತವು.

ಹೋದವರನ್ನು ಇರಿಸಿದ್ದು ಎಲ್ಲಿ? ಮೊದಮೊದಲು ಹೆಬ್ರೋನ್ ಪಕ್ಕದ ಕಿರ್ಯತ್ ಅರ್ಬಾ, ಗಾಜಾದ ವಸಾಹತುಗಳು. ಪ್ಯಾಲೆಸ್ತೀನಿಯರ ನಡುವೆ, ಬೇರೆಯವರು ಹೋಗಲು ಹಿಂಜರಿಯುವ ಜಾಗಗಳು. 2005ರಲ್ಲಿ ಗಾಜಾದ ವಸಾಹತುಗಳನ್ನು ತೆರವು ಮಾಡಿದಾಗ ಇವರೂ ಮತ್ತೆ ಗಂಟುಮೂಟೆ ಕಟ್ಟಿದರು. ಹೊಸ ಯೋಜನೆಯಲ್ಲಿ ಉತ್ತರದ ಗಲಿಲಾಯ ಸೀಮೆ, ನೊಫ್ ಹಗಲಿಲ್ ಮುಂತಾದ ಊರುಗಳು. ತಿಗ್ಲತ್-ಪಿಲೆಸರ್ ಜನರನ್ನು ಸಾಗಿಸಿದ್ದ ಅದೇ ಗಲಿಲಾಯ! ಅಂದಿನದು ಬಲವಂತ, ಇದು ಜನ ತಾವೇ ಬಯಸಿ ಹೋಗ್ತಿರೋದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡೋಕಾಗಲ್ಲ. ಆದರೆ ಗಡಿಯಲ್ಲಿ, ಖಾಲಿ ಬಿದ್ದ ಕಡೆ ಜನ ಬೇಕು ಅನ್ನುವ ರಾಜ್ಯದ ಲೆಕ್ಕ ಎರಡರಲ್ಲೂ ಇದೆ.

2023ರ ಮೇ ತಿಂಗಳಲ್ಲಿ ಮಣಿಪುರ ಹೊತ್ತಿ ಉರಿದಾಗ ಕುಕಿ ಜನರ ಜತೆ ಬ್ನೇ ಮೆನಾಶೆಗಳೂ ಮನೆ ಕಳಕೊಂಡರು. ಸಿನಗಾಗ್‌ಗಳೂ ಸುಟ್ಟುಹೋದವು ಅಂತ ಅವರ ಸಂಘಟನೆಗಳು ಹೇಳಿದವು. ಬೆಂಕಿ ಹಚ್ಚಿದವರು ಮನಸ್ಸೆಯನ್ನು ಕೇಳಲಿಲ್ಲ, ಕುಕಿ ಅನ್ನೋದು ಸಾಕಾಗಿತ್ತು. ವಿಮಾನ ಹತ್ತಬೇಕಾದರೆ ಮಾತ್ರ ಮನಸ್ಸೆ ಬೇಕು.

ರಕ್ತ ಏನು ಹೇಳುತ್ತೆ?

ಡಿಎನ್‌ಎ ಪರೀಕ್ಷೆ ಮಾಡಿ ಮುಗಿಸಬಹುದಲ್ವಾ ಅಂತ ನೀವು ಕೇಳಬಹುದು. ಮಾಡಿದ್ದಾರೆ. ಬ್ನೇ ಮೆನಾಶೆಗಳ ತಂದೆಯ ಕಡೆಯ ವಂಶವಾಹಿಯಲ್ಲಿ ಪಶ್ಚಿಮ ಏಷ್ಯಾದ ಕುರುಹು ಸಿಗಲಿಲ್ಲ. ತಾಯಿಯ ಕಡೆ ಸ್ವಲ್ಪ ಹೋಲಿಕೆ ಇದೆ ಅಂತ ಕೋಲ್ಕತಾದ ಒಂದು ಅಧ್ಯಯನ ಹೇಳಿತು, ಅದನ್ನು ಬಹಳ ಜನ ಒಪ್ಪಲಿಲ್ಲ. ಬೆನೆ ಇಸ್ರೇಲ್‌ಗಳಲ್ಲಿ ಯಹೂದಿ ಮೂಲ ಮತ್ತು ಭಾರತೀಯ ಮೂಲ ಎರಡೂ ಬೆರೆತಿವೆ. ಬೇಟಾ ಇಸ್ರೇಲ್‌ಗಳು ತಮ್ಮ ಇಥಿಯೋಪಿಯಾದ ನೆರೆಯವರಿಗೆ ಹತ್ತಿರ.

ಆದರೆ ಈ ಪರೀಕ್ಷೆಗಳಿಂದ ಕುಲ ತಿಳಿಯೋದಿಲ್ಲ. ಮನಸ್ಸೆಯ ಕುಲದ ಡಿಎನ್‌ಎ ಇದು ಅಂತ ಹೇಳೋದಕ್ಕೆ ಹೋಲಿಸಿ ನೋಡುವ ಮಾದರಿಯೇ ಇಲ್ಲ. ಸರ್ಗೋನನ ರಥಪಡೆಯ ಬೆಲ್-ದೂರಿಯ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತಿನ ಇರಾಕಿನಲ್ಲಿ, ಸಿರಿಯಾದಲ್ಲಿ ಅರಬ್ಬರಾಗಿ, ಕುರ್ದರಾಗಿ ಇದ್ದರೂ ಇರಬಹುದು. ತಾವು ಇಸ್ರೇಲಿನ ಸಂತತಿ ಅಂತ ಅವರಿಗೆ ಗೊತ್ತಿರಲ್ಲ, ಗೊತ್ತಾಗಬೇಕಾದ ಅಗತ್ಯವೂ ಅವರಿಗಿಲ್ಲ.

ಇನ್ನೊಂದು ಗುಂಪಿನ ಬಗ್ಗೆ ಹೇಳದಿದ್ದರೆ ಈ ಮಾತು ಪೂರ್ತಿಯಾಗಲ್ಲ. ಸಮಾರ್ಯದವರು. ನಾಬ್ಲುಸ್ ಪಕ್ಕದ ಗೆರಿಜಿಮ್ ಬೆಟ್ಟದ ಮೇಲೆ ಮತ್ತು ಟೆಲ್ ಅವೀವ್ ಹತ್ತಿರದ ಹೊಲೋನ್‌ನಲ್ಲಿ ಅವರಿದ್ದಾರೆ. ನಾವು ಎಫ್ರಾಯೀಮ್, ಮನಸ್ಸೆ ಮತ್ತು ಲೇವಿ ಕುಲದವರು, ನಾವು ಈ ಊರು ಬಿಟ್ಟು ಹೋಗಲೇ ಇಲ್ಲ ಅಂತ ಅವರು ಹೇಳ್ತಾ ಬಂದಿದ್ದಾರೆ. ಬೈಬಲ್ಲಿನ ಅರಸುಗಳ ಗ್ರಂಥದ ಲೇಖಕ ಅದನ್ನು ಒಪ್ಪಲ್ಲ. ಅಸ್ಸೀರಿಯದವರು ತಂದು ನೆಲೆಯೂರಿಸಿದ ಪರಕೀಯರು ಅಲ್ಲಿದ್ದವರು ಅನ್ನುತ್ತೆ ಆ ಗ್ರಂಥ. ಆದರೆ ಇತ್ತೀಚಿನ ಅಧ್ಯಯನಗಳಲ್ಲಿ ಅವರ ತಂದೆಯ ಕಡೆಯ ವಂಶವಾಹಿ ಯಹೂದಿಗಳದ್ದಕ್ಕೆ ಹತ್ತಿರ ಬಂದಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅವರ ಸಂಖ್ಯೆ 150ರ ಆಸುಪಾಸಿಗೆ ಇಳಿದಿತ್ತು. ಈಗ 800ರ ಮೇಲಿದೆ. ಮನಸ್ಸೆಯನ್ನು ಹುಡುಕಿಕೊಂಡು ಜನ ಆಂಡಿಸ್‌ಗೆ, ಅಫ್ಘಾನಿಸ್ತಾನಕ್ಕೆ, ಬರ್ಮಾದ ಗಡಿಗೆ ಹೋದರು. ಮನಸ್ಸೆಯ ಸೀಮೆಯ ಪಕ್ಕದ ಬೆಟ್ಟದಲ್ಲೇ ನಾವಿದ್ದೀವಿ ಅಂದವರ ಮಾತು ಕೇಳಿಸಿಕೊಂಡವರು ಕಮ್ಮಿ.

ಹಾಗಾದರೆ ಬ್ನೇ ಮೆನಾಶೆಗಳು ಸುಳ್ಳು ಹೇಳ್ತಿದ್ದಾರಾ? ನನಗೆ ಹಾಗನ್ನಿಸಲ್ಲ. ಮನಸ್ಸೆಯಿಂದ ಅವರವರೆಗೆ ಎಳೆ ಸಿಕ್ಕಿಲ್ಲ ಅಂತ ಇತಿಹಾಸ ಹೇಳುತ್ತೆ, ನಾನೂ ಅದನ್ನೇ ಹೇಳ್ತೀನಿ. ಆದರೆ ಐವತ್ತು ವರ್ಷದಿಂದ ಸಬ್ಬತ್ ಪಾಲಿಸುತ್ತಾ, ಮಕ್ಕಳಿಗೆ ಹೀಬ್ರೂ ಕಲಿಸುತ್ತಾ, ಅದಕ್ಕಾಗಿ ಊರು ಬಿಡೋಕೂ ತಯಾರಾದವರ ಧರ್ಮ ನಿಜವಾದದ್ದೇ. ಅದಕ್ಕೆ 2,700 ವರ್ಷದ ಹಿಂದಿನ ತಾತನ ಸಾಕ್ಷಿ ಯಾಕೆ ಬೇಕು? ಅರ್ಜಿ ಹಾಕುವವನು ಬಡವನಾದರೆ ಅವನ ತಾತನವರೆಗೂ ವಿಚಾರಣೆ ಹೋಗುತ್ತೆ. ಕೊಂಕಣದ ಗಾಣಿಗರ ಮೊಮ್ಮಗಳನ್ನು ಮದುವೆಯ ಹೊತ್ತಿಗೆ ಕೇಳಿದ್ದು ಇದನ್ನೇ, ಸುಡಾನಿನ ಮರಳಲ್ಲಿ ನಡೆದು ಬಂದವನನ್ನು ಕೇಳಿದ್ದೂ ಇದನ್ನೇ, ಇವತ್ತು ಚುರಾಚಾಂದ್‌ಪುರದ ಶಿಬಿರದಲ್ಲಿ ಸಂದರ್ಶನಕ್ಕೆ ಕಾಯುವವರನ್ನು ಕೇಳೋದೂ ಇದನ್ನೇ. ಬ್ರಿಟಿಷ್ ಸ್ಯಾಕ್ಸನ್ನರು ನಾವೇ ಇಸ್ರೇಲ್ ಅಂದಾಗ ಅವರ ಅಜ್ಜಿಯ ಕಾಗದಪತ್ರ ಯಾರೂ ಕೇಳಲಿಲ್ಲ.